ದರ್ಜಿಯ ವಂಶವೃಕ್ಷ

ತನ್ನದೇ ಮನೆತನದ ಹೆಸರು ಕೆತ್ತಿದ್ದ ಬಾಗಿಲನ್ನು ದಾಟಿ ಬಂದ ಸಂಭ್ರಮದಲ್ಲಿ ದರ್ಜಿ ವಂಶವೃಕ್ಷವನ್ನು ಮೇಜಿನ ಮೇಲೆ ಬಿಡಿಸಿದ. ಅಳತೆ ಗುರುತು ಹಾಕುವ ಕಂದು ಕಾಗದ. ಕೈಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮನೆಯ ಮುದುಕಿ ಒಂದು ತುದಿಯನ್ನು ಅಂಗೈಯಿಂದ ಅದುಮಿ ಹಿಡಿದಳು.

“ಈ ಹೆಸರಿನವರು ಬೇರೆಲ್ಲೂ ಸಿಗಲಿಲ್ಲಮ್ಮ. ನಾವು ನೀವು ದಾಯಾದಿಗಳೇ ಇರಬೇಕು,” ಎಂದ.

ಮುದುಕಿ ನಕ್ಕಳು. “ಹೆಸರು ನಮ್ಮದಲ್ಲಪ್ಪ, ಮೊದಲು ಇಲ್ಲಿದ್ದವರದ್ದು. ಅವರೆಲ್ಲ ಮನೆಗೆ ಬೆಂಕಿ ಬಿದ್ದು ಹೋಗಿಬಿಟ್ರು, ಒಂದು ಕೂಸೂ ಉಳೀಲಿಲ್ಲ. ಇಲ್ಲೇ ಕೆಲಸಕ್ಕಿದ್ದ ನಮ್ಮ ಮಾವನ ಅಪ್ಪ ಮನೆ ರಿಪೇರಿ ಮಾಡಿಸಿ, ಹೆಸರನ್ನೂ ಇಟ್ಕೊಂಡ್ರು.”

“ಒಂದು ಕೂಸು ಉಳಿದಿತ್ತು.” ದರ್ಜಿಯ ಬೆರಳು ಕಾಗದದ ತುತ್ತತುದಿಯ ಹೆಸರನ್ನು ಮುಟ್ಟಿತು. “ನಮ್ಮ ಮುತ್ತಜ್ಜ. ಕಿಟಕಿಯಿಂದ ಯಾರೋ ಎಳ್ಕೊಂಡ್ರಂತೆ. ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿತ್ತಂತೆ.”

ಮುದುಕಿ ಕೈ ತೆಗೆದಳು. ಕಾಗದ ಸರ್ರನೆ ಸುತ್ತಿಕೊಂಡು ದರ್ಜಿಯ ಬೆರಳಿಗೆ ಬಂದು ನಿಂತಿತು.

“ಇದನ್ನ ಬೇರೆ ಯಾರಿಗಾದ್ರೂ ತೋರಿಸಿದ್ದೀಯಾ?”

“ಇಲ್ಲ. ಮೊದಲು ಸ್ವಂತದವರಿಗೇ ತೋರಿಸೋಣ ಅಂತ.”

“ಒಳ್ಳೇದಾಯ್ತು. ಕೂತಿರು, ಮಗನ್ನ ಕರೀತೀನಿ,” ಎಂದು ಮುದುಕಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ದರ್ಜಿ ಕಾಗದವನ್ನು ಮತ್ತೆ ಬಿಡಿಸುತ್ತಿದ್ದಾಗ ಹೊರಗಡೆಯಿಂದ ಚಿಲಕ ಬಿತ್ತು.