ಹದಿನೆಂಟು ಲಕ್ಷದ ಹುಡುಗ

ಅಪ್ಪ ಮಗಳು ಒಳಗೆ ಬಂದ ಕೂಡಲೇ ಕಾಲೇಜಿನ ಅಡ್ಮಿಷನ್ ಆಫೀಸರ್ ಅವರನ್ನು ಕಣ್ಣಲ್ಲೇ ಅಳೆದ. ಅಪ್ಪನ ಉಗುರು ಸಂದಿಯಲ್ಲಿ ನೀಲಿ ಮಸಿ, ಕಾಲಲ್ಲಿ ಹವಾಯಿ ಚಪ್ಪಲಿ. ಇಂಥವರು ಪ್ರಶ್ನೆ ಕೇಳುವುದಿಲ್ಲ, ತೋರಿಸಿದ ಕಡೆ ಸಹಿ ಹಾಕುತ್ತಾರೆ ಎಂಬುದು ಅವನ ಹತ್ತು ವರ್ಷದ ಅನುಭವ.

ಪ್ರಶ್ನೆ ಕೇಳಿದ್ದು ಮಗಳು. "ಬಿಬಿಎಗೆ ಒಂಬತ್ತು ಲಕ್ಷ ಸಾಲ ಮಾಡಿದ್ರೆ ತಿಂಗಳಿಗೆ ಹದಿನೈದು ಸಾವಿರ ಕಂತು ಬರುತ್ತೆ ಸರ್. ಇಲ್ಲಿ ಓದಿದೋರಿಗೆ ಸಂಬಳ ಎಷ್ಟು ಸಿಗ್ತಿದೆ?"

"ಅದನ್ನ ಸಾಲ ಅನ್ಬಾರದಮ್ಮ, ಹೂಡಿಕೆ ಅನ್ಬೇಕು." ಆಫೀಸರ್ ನಗುತ್ತ ಗೋಡೆಯ ಕಡೆ ಕೈ ತೋರಿಸಿದ. ಮರದ ಫ್ರೇಮಿನ ದೊಡ್ಡ ಫ್ಲೆಕ್ಸಿನಲ್ಲಿ ಕೋಟು ತೊಟ್ಟ ಹುಡುಗನೊಬ್ಬ ಕೈಕಟ್ಟಿ ನಿಂತಿದ್ದ. ಕೆಳಗೆ, 'ವರ್ಷಕ್ಕೆ ಹದಿನೆಂಟು ಲಕ್ಷ!'

"ಹೋದ ವರ್ಷ ನಮ್ಮಲ್ಲೇ ಬಿಬಿಎ ಮುಗಿಸಿದೋನು. ಇವನ ಅಪ್ಪನೂ ನಿಮ್ಮ ಹಾಗೇ ಹಿಂದೆಮುಂದೆ ನೋಡ್ತಿದ್ರು. ಈಗ ಹುಡುಗ ಕೈಗೇ ಸಿಗಲ್ಲ, ಅಷ್ಟು ಬಿಝಿ."

ಅಪ್ಪ ಎದ್ದು ಹೋಗಿ ಫ್ಲೆಕ್ಸಿನ ಅಂಚು ಸವರಿ ನೋಡಿದರು. ಮೀನು ಗಾಳಕ್ಕೆ ಬಿತ್ತು ಎಂದುಕೊಂಡ ಆಫೀಸರ್ ಅರ್ಜಿ, ಪೆನ್ನು ಎರಡನ್ನೂ ಮುಂದಕ್ಕೆ ತಳ್ಳಿದ.

"ಬಿಝಿ ಇರೋದು ನಿಜ ಸರ್," ಅಂದರು ಅಪ್ಪ. "ಇದು ನಮ್ಮ ಅಂಗಡೀಲೇ ಪ್ರಿಂಟಾಗಿದ್ದು, ಆ ಕೋಟನ್ನ ಕಂಪ್ಯೂಟರಲ್ಲಿ ತೊಡಿಸಿದ್ದು ನಾನೇ. ಹುಡುಗ ನನ್ನ ಹತ್ರಾನೇ ಕೆಲಸಕ್ಕಿದ್ದಾನೆ, ತಿಂಗಳಿಗೆ ಹದಿನಾಲ್ಕು ಸಾವಿರ ಕೊಡ್ತೀನಿ. ಈ ಫ್ರೇಮಿಗೆ ಮೊಳೆ ಹೊಡೆದದ್ದೂ ಅವನೇ."