ಅಕ್ಕನ ಮಣಿಕಟ್ಟು

“ಬೇಕಂತಲೇ ಹಾಳು ಮಾಡ್ತಿದೀಯ ನೀನು. ಇದೆಲ್ಲ ಸಾಕಾಯ್ತು ಅಂತ ಬಾಯಿಬಿಟ್ಟು ಹೇಳಿಬಿಡು, ಪೀಡೆ ಕಳೀತು.”

ಗಿರಾಕಿಗಳಿಂದ ವಾಪಸು ಬಂದ ಡಬ್ಬಿಯೊಂದರ ಮುಚ್ಚಳವನ್ನು ತಮ್ಮ ತಿರುಗಿಸಿ ಅಕ್ಕನ ಮೂಗಿನ ಮುಂದೆ ಹಿಡಿದ. ಹದಿನೈದು ದಿನದ ಹಿಂದೆ ಹಾಲಿನಂತೆ ಬೆಳ್ಳಗಿದ್ದ ಮುಖದ ಕ್ರೀಮು ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು. ಮೇಜಿನ ಮೇಲೆ ಅಂಥವು ಇನ್ನೂ ಎಂಬತ್ತು. ಎರಡು ತಿಂಗಳಲ್ಲಿ ಹೀಗಾದದ್ದು ಇದು ಮೂರನೆಯ ಸಲ.

“ಬ್ಯೂಟಿ ಪಾರ್ಲರಿನಾಕೆ ಏನಂದ್ಲು ಗೊತ್ತಾ? ಇದು ಮುಖಕ್ಕೆ ಹಚ್ಚೋದಾ, ಬ್ರೆಡ್ಡಿಗೆ ಸವರೋದಾ ಅಂದ್ಲು.”

“ಸವರಿ ತಿನ್ನೋಕೆ ಹೇಳು. ಆ ಬಾಯಿಗೂ ಸ್ವಲ್ಪ ನುಣುಪು ಬರ್ಲಿ,” ಎಂದಳು ಅಕ್ಕ, ಪಾತ್ರೆಯಲ್ಲಿ ಸೌಟು ಆಡಿಸುವುದನ್ನು ನಿಲ್ಲಿಸದೆ. “ವಿಟಮಿನ್ ಪುಡಿ ತಂದವನು ನೀನು. ಕಳಪೆ ಮಾಲು ತಂದಿರ್ತೀಯ.”

“ಪುಡಿ ಅದೇ, ಅಂಗಡಿ ಅದೇ. ಬದಲಾಗಿದ್ರೆ ನೀನು ಬದಲಾಗಿರ್ಬೇಕು.”

ಇಪ್ಪತ್ತೆರಡು ವರ್ಷದಿಂದ ಆ ಒಲೆಯ ಮುಂದೆ ನಿಂತವಳು ಅವಳೇ. ಒಂದು ಪಾತ್ರೆಯಲ್ಲಿ ಎಣ್ಣೆ, ಮೇಣ, ಇನ್ನೊಂದರಲ್ಲಿ ನೀರು. ಎರಡನ್ನೂ ಒಂದೇ ಬಿಸಿಗೆ ತಂದು ಬೆರೆಸಿ, ಕದಡುತ್ತಾ ಕದಡುತ್ತಾ ಆರಿಸಬೇಕು. ವಿಟಮಿನ್ ಪುಡಿ ಕರಗಿಸಿದ ನೀರು ಬೀಳಬೇಕಾದದ್ದು ಕಟ್ಟಕಡೆಗೆ, ಕ್ರೀಮು ಉಗುರುಬೆಚ್ಚಗಾದ ಮೇಲೆ. ನಲವತ್ತು ಡಿಗ್ರಿ ದಾಟಿದ್ದರೆ ಕೆಲಸ ಕೆಟ್ಟಿತು. ಹತ್ತು ದಿನದಲ್ಲಿ ಬಣ್ಣ ತಿರುಗುತ್ತದೆ. ಅಕ್ಕ ಒಂದು ಹನಿಯನ್ನು ಮಣಿಕಟ್ಟಿನ ಒಳಗಡೆಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ಹೂಂ” ಅನ್ನುವಳು. ಆ ಹೂಂ ಒಂದು ದಿನವೂ ಸುಳ್ಳಾಗಿರಲಿಲ್ಲ. ತಾಯಿ ತಂದೆ ಇಲ್ಲದ ತಮ್ಮ ಓದಿ ದೊಡ್ಡವನಾದದ್ದು ಅದರ ಮೇಲೆಯೇ.

“ಥರ್ಮಾಮೀಟರ್ ತಂದು ಆರು ತಿಂಗಳಾಯ್ತು. ಪೊಟ್ಟಣ ಕೂಡ ಬಿಚ್ಚಿಲ್ಲ ನೀನು.”

“ನಿನಗೆ ಹಾಲು ಆರಿಸಿ ಕುಡಿಸಿದ್ದು ಇದೇ ಕೈ ಕಣೋ. ಒಂದು ದಿನಾನಾದ್ರೂ ನಾಲಿಗೆ ಸುಟ್ಕೊಂಡ್ಯಾ?”

“ಹಾಲಿನ ಕಥೆ ಸಾಕು. ಈಗ ನನ್ನೆದುರಿಗೇ ಮಾಡು, ನೋಡ್ತೀನಿ.”

ಅಕ್ಕ ತುಂಬುತೋಳಿನ ರವಿಕೆಯ ಅಂಚನ್ನು ಒಂದೇ ಒಂದು ಬೆರಳಿನಷ್ಟು ಸರಿಸಿ ಹನಿ ಹಾಕಿಕೊಂಡಳು. ಕಣ್ಣು ಮುಚ್ಚಿದಳು. “ಹೂಂ,” ಎಂದು ವಿಟಮಿನ್ ನೀರಿನ ಲೋಟಕ್ಕೆ ಕೈಹಾಕಿದಳು. ತಮ್ಮ ಅಡ್ಡ ಬಂದು, ಪೊಟ್ಟಣ ಹರಿದು ತೆಗೆದ ಥರ್ಮಾಮೀಟರನ್ನು ಪಾತ್ರೆಯಲ್ಲಿ ಅದ್ದಿದ. ಅರವತ್ತಮೂರು.

“ಹೂಂ ಅಂತೆ, ಹೂಂ!” ಎಂದವನೇ ಅವಳ ಕೈಯನ್ನು ರಪ್ಪನೆ ಎಳೆದ. ರವಿಕೆಯ ತೋಳು ಮೇಲಕ್ಕೆ ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟ ಬೊಟ್ಟುಗಳು. ಕೆಲವು ಕಪ್ಪಗಾಗಿದ್ದವು, ಕೆಲವು ಸಿಪ್ಪೆ ಏಳುತ್ತಿದ್ದವು. ಈಗಷ್ಟೇ ಬಿದ್ದ ಹನಿಯ ಸುತ್ತ ಚರ್ಮ ಕೆಂಪಾಗುತ್ತಿತ್ತು. ಅವಳು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

“ಅಕ್ಕ, ಉರೀತಿಲ್ವಾ?”

“ಮೊದಲು ಬೆರಳಿಗೆ ಬಂತು. ಆಮೇಲೆ ಇಲ್ಲಿಗೆ. ಸಕ್ಕರೆ ಕಾಯಿಲೆಯವರಿಗೆ ಹೀಗೆ ಜೋಮು ಹಿಡಿದುಬಿಡುತ್ತಂತೆ.” ಅವಳು ತೋಳನ್ನು ಕೆಳಗೆ ಎಳೆದುಕೊಂಡಳು. “ಒಂದು ಕಡೆ ಗೊತ್ತಾಗ್ದಿದ್ರೆ ಇನ್ನೊಂದು ಕಡೆ ಹಾಕಿ ನೋಡ್ತಿದ್ದೆ. ಎಲ್ಲಾದ್ರೂ ಒಂದಿಷ್ಟು ಉಳಿದಿರುತ್ತೇನೋ ಅಂತ.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಿದ್ಯಾ?”

ಆಗ ಅವನು ಸುಮ್ಮನಿರಬೇಕಿತ್ತು. ಇಲ್ಲವೇ ಆ ಕೈಯನ್ನು ತಣ್ಣೀರಿಗೆ ಹಿಡಿಯಬೇಕಿತ್ತು. ಸಿಟ್ಟು ಇಳಿದಿತ್ತು, ಆದರೆ ನಾಲಿಗೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

“ನಾಳೆಯಿಂದ ಒಲೆ ನಾನು ನೋಡ್ಕೋತೀನಿ. ನೀನು ಡಬ್ಬಿಗೆ ಲೇಬಲ್ ಅಂಟಿಸ್ಕೊಂಡು ಒಂದು ಮೂಲೇಲಿ ಕೂತಿರು, ಸಾಕು.”

ಅಕ್ಕ ಸೌಟು ತೊಳೆದು ಬೋರಲು ಹಾಕಿದಳು. ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟು ಹೊರಟಳು. “ಎಲ್ಲಿಗೆ?” ಎಂದು ಅವನು ಕೂಗುವಷ್ಟರಲ್ಲಿ ಹೊಸ್ತಿಲು ದಾಟಿದ್ದಳು. ಮತ್ತೆಂದೂ ಅವಳು ಆ ಕೋಣೆಗೆ ಕಾಲಿಡಲಿಲ್ಲ.

ತಮ್ಮ ಬಾಗಿಲಿಗೆ ಓಡಿ ಬಂದ. ಅವಳ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇದ್ದವು. ಹೊರಗೆ ಮಟಮಟ ಮಧ್ಯಾಹ್ನ; ಡಾಂಬರು ಮೆತ್ತಗಾಗಿ, ಬೀದಿ ನಾಯಿ ಕೂಡ ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಜಿಗಿಜಿಗಿದು ಓಡುತ್ತಿತ್ತು. ಅಕ್ಕ ರಸ್ತೆಯ ನಟ್ಟನಡುವೆ, ಬರಿಗಾಲಲ್ಲಿ, ಒಂದು ಹೆಜ್ಜೆಯನ್ನೂ ಚುರುಕು ಮಾಡದೆ, ಬೆಳಗಿನ ಹುಲ್ಲಿನ ಮೇಲೆ ನಡೆಯುವವಳಂತೆ ನಡೆದು ಹೋಗುತ್ತಿದ್ದಳು.