ಹಗುರವಾದ ಸ್ಪ್ಯಾನರ್

ಅವಳು ಒಂದೊಂದೇ ಸ್ಪ್ಯಾನರನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದಳು.

"ಅಕ್ಕಾ, ಸೈಜ್ ನೋಡ್ಬೇಕು, ತೂಕ ಅಲ್ಲ. ತರಕಾರಿನಾ ಇದು?" ಅಂಗಡಿಯವನು ನಕ್ಕ. "ಬೈಕ್ ರಿಪೇರಿ ಯಾರು ಮಾಡೋದು?"

"ನಮ್ಮನೆಯವರು. ರಜಾ ಬಂದ್ರೆ ಅಂಗಳದಲ್ಲೇ ಬಿಚ್ಚಿ ಕೂರ್ತಾರೆ. ನಾನು ಪಕ್ಕದಲ್ಲಿ ನಿಂತು ಕೇಳಿದ್ದು ಕೊಡ್ಬೇಕು."

"ಹಾಗಾದ್ರೆ ಈ ಉಕ್ಕಿಂದು ತಗೊಳ್ಳಿ. ನೀವು ಹಿಡ್ಕೊಂಡಿರೋದು ಬರೀ ತಗಡು. ನಟ್ಟು ಬಿಗಿಯಾಗಿದ್ರೆ ಬಾಗಿಬಿಡುತ್ತೆ."

"ಬಾಗಲಿ. ಇದೇ ಇರಲಿ."

ಅವನು ಆ ಸೆಟ್ಟನ್ನೇ ಚೀಲಕ್ಕೆ ಹಾಕಿ, ಫ್ರೀ ಎಂದು ಒಂದು ಸುತ್ತಿಗೆಯನ್ನೂ ಇಳಿಸಿದ. ಅವಳು ಬಗ್ಗಿ ಸುತ್ತಿಗೆಯನ್ನು ಹೊರತೆಗೆದು, ಸದ್ದಾಗದಂತೆ ಅವನ ಮುಂದಿಟ್ಟಳು. ಹಣೆಯ ಕೂದಲು ಸರಿದು ಹುಬ್ಬಿನ ಮೇಲಿನ ಹೊಲಿಗೆ ಕಾಣಿಸಿತು.

"ಇದು ಬೇಡಣ್ಣ. ಕೇಳಿದ್ದು ಬಿಟ್ಟು ಬೇರೆ ಕೊಟ್ರೆ, ಅದನ್ನೇ ತಿರುಗಿಸಿ ಎಸೀತಾರೆ."